ನೆರಳು ನೋಡಿಕೊಂಡು ಹೊರಡಿ

ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೊರಟುಹೋಗುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ಚಳಿ ಅತ್ತ ಹೋಗುತ್ತಿದ್ದಂತೆ ಇತ್ತ ನನಗೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಯುಗಾದಿಗೆ ಶನಿವಾರ ಭಾನುವಾರ ಸೇರಿ ಮೂರು ದಿನ ರಜೆ ಸಿಗುತ್ತಿದೆ, ಬೆಂಗಳೂರಿನ ಆಸುಪಾಸು ಎಲ್ಲಿಗೆ ಹೋಗಿ ಬರಬಹುದು? ಈ ಸಲ ಯಲಹಂಕದ ತಾಯಿಯೊಬ್ಬರು ಬರೆದಿದ್ದಾರೆ. ಮಗನ ಪರೀಕ್ಷೆ ಮುಗಿದಿದೆ, ಅತ್ತೆಯವರಿಗೆ ಮಂಡಿನೋವು, ಯಜಮಾನರಿಗೆ ಹಬ್ಬದ ಮಾರನೆಯ ದಿನ ಮಾತ್ರ ಪೂರ್ತಿ ಬಿಡುವು, ಎಲ್ಲರಿಗೂ ಹೊಂದುವಂಥ ಜಾಗ ಹೇಳಿ ಎಂದು. ವಿಜಯನಗರದ ಪಿ.ಜಿ.ಯೊಂದರಲ್ಲಿರುವ ಹುಡುಗ ಊರಿನ ಬಸ್ಸಿಗೆ ಸೀಟು ಸಿಗದೆ ಇಲ್ಲೇ ಉಳಿದಿದ್ದಾನೆ. ಮೂರು ದಿನ ಕೋಣೆಯಲ್ಲಿ ಕೂತು ಏನು ಮಾಡಲಿ ಸಾರ್ ಎಂದು ಕೇಳಿದ್ದಾನೆ. ಇಬ್ಬರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ನನ್ನ ಸಲಹೆ ಇಷ್ಟೇ: ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುವ ಮೊದಲು, ಅಲ್ಲಿ ನೆರಳಿದೆಯೇ ಎಂದು ಕೇಳಿಕೊಳ್ಳಿ.

ಈ ಬುದ್ಧಿ ನನಗೆ ಬಂದದ್ದು ಒಂದು ಯುಗಾದಿಯ ಮಾರನೆಯ ದಿನ. ಮಕ್ಕಳಿಬ್ಬರೂ ಪ್ರೈಮರಿ ಶಾಲೆಯಲ್ಲಿದ್ದರು. ಅಮ್ಮನನ್ನೂ ಕೂರಿಸಿಕೊಂಡು ಬೆಳಗಿನ ಆರಕ್ಕೆ ಕಾರು ಹೊರಡಿಸಿದ್ದೆ. ಬೆಟ್ಟ ಹತ್ತಿ ಮಂಜು ನೋಡುವ ಆಸೆ. ನಗರದ ಅರ್ಧ ಜನಕ್ಕೆ ಅದೇ ಆಸೆ ಇದ್ದುದರಿಂದ ಬೆಟ್ಟದ ಬುಡದಲ್ಲೇ ಎರಡು ಗಂಟೆ ನಿಂತೆವು. ಮೇಲೆ ತಲುಪುವಾಗ ಹತ್ತೂವರೆ. ಮಂಜಿನ ಸುಳಿವಿಲ್ಲ, ಬಂಡೆ ಆಗಲೇ ಕಾದಿತ್ತು, ಮಕ್ಕಳಿಗೆ ಬಾಯಾರಿಕೆ. ಅಮ್ಮ ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತರು. ಮನೆಗೆ ಬಂದಾಗ ಮಧ್ಯಾಹ್ನ ಮೂರೂವರೆ. ಅಮ್ಮ ಒಳಗೆ ಬರಲಿಲ್ಲ. ನಮ್ಮ ಮನೆಯ ಮುಂದಿನ ಹೊಂಗೆಮರದ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಕೂತು, “ನೆರಳಲ್ಲಿ ಕೂರೋಕೆ ಇದು ಸಾಲದಾಗಿತ್ತೇನಪ್ಪಾ?” ಎಂದರು. ಬೈಗುಳ ಇರಲಿಲ್ಲ ಆ ಮಾತಿನಲ್ಲಿ. ನಾನು ತಲೆಯೆತ್ತಿ ನೋಡಿದೆ. ವಾರದ ಹಿಂದೆ ಬೋಳಾಗಿದ್ದ ಮರ ಎಳೆಹಸಿರು ಚಿಗುರಿನಿಂದ ತುಂಬಿ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಹತ್ತು ವರ್ಷ ಅದೇ ಮನೆಯಲ್ಲಿದ್ದೂ ಹೊಂಗೆ ಯಾವ ತಿಂಗಳು ಚಿಗುರುತ್ತದೆ ಎಂದು ನಾನು ಗಮನಿಸಿರಲಿಲ್ಲ.

ನಮ್ಮ ವಸಂತದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಕ್ಯಾಲೆಂಡರಿನ ಚಿತ್ರ ನೋಡಿ, ವಸಂತವೆಂದರೆ ತಂಪು ಎಂದುಕೊಳ್ಳುತ್ತೇವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಿಜ. ಆದರೆ ವರ್ಷದ ಅತಿ ಹೆಚ್ಚು ಸೆಕೆ ಇಲ್ಲಿ ಮೇ ಕೊನೆಯವರೆಗೆ ಕಾಯುವುದಿಲ್ಲ, ಮಾರ್ಚ್ ನಡುವಿನಿಂದಲೇ ಶುರುವಾಗಿ ಏಪ್ರಿಲ್‌ನಲ್ಲಿ ತುದಿ ಮುಟ್ಟುತ್ತದೆ. ನಗರದಲ್ಲಿ 39.2 ಡಿಗ್ರಿ ದಾಖಲಾದದ್ದು 2016ರ ಏಪ್ರಿಲ್‌ನಲ್ಲಿ. ಸುತ್ತಲಿನ ಬೆಟ್ಟಗಳೆಲ್ಲ ಬರಿಬಂಡೆ. ಸಾವನದುರ್ಗ, ಶಿವಗಂಗೆ, ರಾಮನಗರದ ಬೆಟ್ಟಗಳು ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಎಷ್ಟು ಚೆಂದವೋ, ಯುಗಾದಿಯ ಹೊತ್ತಿಗೆ ಅಷ್ಟೇ ಕಠಿಣ. ಹಗಲೆಲ್ಲ ಕುಡಿದ ಬಿಸಿಲನ್ನು ಆ ಕಲ್ಲು ಸಂಜೆ ಏಳರವರೆಗೂ ಹೊರಗೆ ಬಿಡುತ್ತಲೇ ಇರುತ್ತದೆ. ಮರಗಳ ಲೆಕ್ಕವೇ ಬೇರೆ. ನೀರು ಕಡಿಮೆಯಾಗುವ ಹೊತ್ತಿಗೆ ಅವು ಹಳೆ ಎಲೆ ಉದುರಿಸುತ್ತವೆ. ಎಲೆಯ ಮರೆ ಇಲ್ಲದಾಗ ಹೂವು ದೂರದ ಜೇನಿಗೂ ಹಕ್ಕಿಗೂ ಕಾಣುತ್ತದೆ. ಮುಂಗಾರು ಮುಟ್ಟುವಷ್ಟರಲ್ಲಿ ಹೊಸ ಎಲೆ ಬಲಿತು, ಹಲವು ಮರಗಳಲ್ಲಿ ಬೀಜವೂ ಸಿದ್ಧ. ಹೀಗಾಗಿ ನಮ್ಮ ಊರಿನಲ್ಲಿ ವಸಂತ ನೋಡಬೇಕೆಂದರೆ ಮರದ ಹತ್ತಿರ ಹೋಗಬೇಕು, ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಬೇಕು. ನಡುವಿನ ಆರು ಗಂಟೆ ಊಟಕ್ಕೆ, ನಿದ್ದೆಗೆ, ಮನೆಯವರ ಮಾತಿಗೆ.

ಹಬ್ಬದ ಹಿಂದಿನ ಬೆಳಿಗ್ಗೆಯಿಂದಲೇ ರಜೆ ಶುರುಮಾಡಿ. ಪಿ.ಜಿ.ಯ ಹುಡುಗನಿಗೆ ನಾನು ಹೇಳುವುದು ಇದನ್ನೇ. ವಿಜಯನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿ. ಮಾರುಕಟ್ಟೆಯ ಹೊರಗಿನ ರಸ್ತೆಯಲ್ಲಿ ಆ ದಿನ ಮಾವಿನಸೊಪ್ಪಿನ ರಾಶಿ, ಬೇವಿನಸೊಪ್ಪಿನ ರಾಶಿ, ನಡುವೆ ಕಾಲಿಡಲು ಜಾಗ ಹುಡುಕಬೇಕು. ಹಳ್ಳಿಗಳಿಂದ ರಾತ್ರಿಯೇ ಬಂದ ಹೆಂಗಸರು ಗೋಣಿಚೀಲದ ಮೇಲೆ ಕೂತು ಬೇವಿನ ಹೂವನ್ನು ಕಡ್ಡಿಯಿಂದ ಬಿಡಿಸಿ ಪುಟ್ಟ ಪುಟ್ಟ ಗುಡ್ಡೆ ಮಾಡುತ್ತಿರುತ್ತಾರೆ. ಮಲ್ಲಿಗೆಯ ಕಾಲವೂ ಇದೇ. ಮೊಗ್ಗು ಇನ್ನೂ ಬಿರಿದಿರುವುದಿಲ್ಲ, ಆದರೂ ಆ ಓಣಿಯಲ್ಲಿ ಬೇರೆ ವಾಸನೆಗೆ ಜಾಗವಿಲ್ಲ. ಒಂದು ಮೊಳ ಕೊಳ್ಳಲು ಮನೆಯೇ ಬೇಕೆಂದಿಲ್ಲ. ಪಿ.ಜಿ.ಯಲ್ಲಿ ಅಡುಗೆ ಮಾಡುವ ಅಕ್ಕನಿಗೆ ಕೊಟ್ಟರೆ ಅವರ ಹಬ್ಬಕ್ಕೂ ಆಯಿತು.

ಮಾರುಕಟ್ಟೆಯ ನೂಕುನುಗ್ಗಲು ಬೇಡವೆನ್ನುವವರಿಗೆ ಮಲ್ಲೇಶ್ವರ ಇದೆ. 1898ರ ಪ್ಲೇಗಿನ ನಂತರ ಜನ ಗಾಳಿ ಬೆಳಕಿರುವ ಕಡೆ ಬಾಳಲಿ ಎಂದು ಬೆಳೆಸಿದ ಬಡಾವಣೆ ಅದು, ಬಸವನಗುಡಿಯ ಹಾಗೆಯೇ. ಅಲ್ಲಿನ ಎರಡು ದೊಡ್ಡ ರಸ್ತೆಗಳಿಗೂ ಮರದ ಹೆಸರೇ. ಸಂಪಿಗೆ ರಸ್ತೆ ಎಲ್ಲರಿಗೂ ತಿಳಿಯುತ್ತದೆ. ಪಕ್ಕದ ಮಾರ್ಗೋಸಾ ರಸ್ತೆಯನ್ನು ಯಾರೋ ಬ್ರಿಟಿಷ್ ಅಧಿಕಾರಿಯ ಹೆಸರೆಂದು ಬಹಳ ಜನ ತಿಳಿದಿದ್ದಾರೆ. ಮಾರ್ಗೋಸಾ ಎಂದರೆ ಬೇವು. ಯುಗಾದಿಯ ಹಿಂದಿನ ಸಂಜೆ ಮಕ್ಕಳ ಕೈ ಹಿಡಿದು ಬೇವಿನ ರಸ್ತೆಯಲ್ಲಿ ನಡೆದು, ಸಂಪಿಗೆ ರಸ್ತೆಯಲ್ಲಿ ಹಿಂದಿರುಗಿ, ಎಂಟನೆಯ ಕ್ರಾಸಿನಲ್ಲಿ ಹಬ್ಬಕ್ಕೆ ಬೇಕಾದ್ದು ಕೊಂಡರೆ ಒಂದು ಸಂಜೆ ತುಂಬುತ್ತದೆ. ಬೇವಿನಮರ ನಿಮ್ಮ ಬೀದಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಹೂವು ಬಿಟ್ಟಿದೆಯೇ ಎಂದು ಮಕ್ಕಳೇ ನೋಡಲಿ, ಕೈಗೆಟುಕುವ ಒಂದು ಕಡ್ಡಿ ಮಾತ್ರ ಮುರಿಯಲಿ. ಕೊಂಬೆಯನ್ನೇ ಎಳೆದು ಸೀಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೇವುಬೆಲ್ಲಕ್ಕೆ ಒಂದು ಚಿಟಿಕೆ ಹೂವು ಸಾಕು.

ಹಬ್ಬದ ದಿನ ನಾನು ಎಲ್ಲಿಗೂ ಹೋಗಿ ಎನ್ನುವುದಿಲ್ಲ. ಎಣ್ಣೆನೀರು, ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ. ಅಷ್ಟಾದ ಮೇಲೆ ಕಾರಿನಲ್ಲಿ ಕೂರುವವರ ಹೊಟ್ಟೆಯ ಮೇಲೂ ಕರುಣೆ ಇರಬೇಕು. ಮಾರನೆಯ ದಿನ ಮಾತ್ರ ಬೆಳಿಗ್ಗೆ ಆರಕ್ಕೇ ಏಳಿ, ಲಾಲ್‌ಬಾಗಿಗೆ ಹೋಗಿ.

ಲಾಲ್‌ಬಾಗನ್ನು ನೋಡದವರು ಯಾರು ಎನ್ನಬೇಡಿ. ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನವನ್ನು. ಆಗ ಗಾಜಿನ ಮನೆಯ ಸರದಿಯಲ್ಲಿ ನಿಂತು ಮುಂದಿನವರ ಬೆನ್ನು ನೋಡುತ್ತೇವೆ. ಚೈತ್ರದಲ್ಲಿ ಪ್ರದರ್ಶನವಿಲ್ಲ, ತೋಟ ತನ್ನ ಪಾಡಿಗೆ ತಾನಿರುತ್ತದೆ. ಹೈದರಾಲಿ 1760ರಲ್ಲಿ ಶುರುಮಾಡಿದ, ಟಿಪ್ಪು ಬೆಳೆಸಿದ, ಈಗ 240 ಎಕರೆಯಷ್ಟಿರುವ ಆ ತೋಟದಲ್ಲಿ ಎಲ್ಲವನ್ನೂ ಒಂದೇ ಬೆಳಿಗ್ಗೆ ನೋಡುವ ಹಟ ಬೇಡ. ನಾನು ಮೂರೇ ಕಡೆ ನಿಲ್ಲುತ್ತೇನೆ. ಮೊದಲು ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಭೂವಿಜ್ಞಾನಿಗಳು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ತುದಿಯಲ್ಲಿ ಕೆಂಪೇಗೌಡರ ಗೋಪುರ. ಬೆಳಿಗ್ಗೆ ಏಳಕ್ಕೆ ಬರಿಗಾಲಲ್ಲಿ ನಿಂತರೆ ಕಲ್ಲು ಇನ್ನೂ ತಣ್ಣಗಿರುತ್ತದೆ. ನನ್ನ ಮಗಳಿಗೆ ಆರು ವರ್ಷವಿದ್ದಾಗ ಕಲ್ಲಿನ ಆ ವಯಸ್ಸು ಹೇಳಿದೆ. ಅವಳು ಕೂತು ಅಂಗೈಯಿಂದ ಕಲ್ಲನ್ನು ಸವರಿ, “ಅಪ್ಪಾ, ಆಗ ಮರ ಇತ್ತಾ?” ಎಂದು ಕೇಳಿದಳು. ಇರಲಿಲ್ಲ. ಮರ, ಹುಲ್ಲು, ಮೀನು ಯಾವುದೂ ಹುಟ್ಟುವ ಮೊದಲಿನ ಕಲ್ಲು. ಅದರ ಮೇಲೆ ನಿಂತು ಸುತ್ತ ನೋಡಿದರೆ ಹಸಿರು ಎಷ್ಟು ಹೊಸದು ಎಂದು ಮಗುವಿಗೂ ಅರ್ಥವಾಗುತ್ತದೆ.

ಎರಡನೆಯದು ಬಿಳಿ ಬೂರುಗದ ಮರ. ಅದರ ಬುಡದಲ್ಲಿ ಗೋಡೆಗಳ ಹಾಗೆ ಎದ್ದ ಬೇರುಗಳ ನಡುವೆ ದೊಡ್ಡವರೂ ಮರೆಯಾಗುತ್ತಾರೆ. ಮೂರನೆಯದು ನಾಗಲಿಂಗ. ಹೆಚ್ಚಿನ ಮರಗಳು ಕೊಂಬೆಯ ತುದಿಯಲ್ಲಿ ಹೂ ಬಿಟ್ಟರೆ ಇದು ಕಾಂಡದ ಮೈಯಿಂದಲೇ ಬಿಡುತ್ತದೆ. ಹೆಡೆಯ ಕೆಳಗೆ ಲಿಂಗವಿರುವಂತೆ ಕಾಣುವ ಆ ಹೂವನ್ನು ಕೀಳದೆ, ಬಗ್ಗಿ ಮೂಸಿ ನೋಡಿ. ಹಾಗೆ ಬಗ್ಗಿದ ಮಕ್ಕಳು ಆ ವಾಸನೆಯನ್ನು ಮರೆತದ್ದನ್ನು ನಾನು ಕಂಡಿಲ್ಲ.

ಲಾಲ್‌ಬಾಗಿನಲ್ಲಿ ನಿಂತಾಗ ನೆನೆಯಬೇಕಾದ ಹೆಸರೊಂದಿದೆ: ಗುಸ್ತಾವ್ ಹರ್ಮನ್ ಕೃಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದ ಮಹಾರಾಜರ ತೋಟಗಳನ್ನು ನೋಡಿಕೊಂಡಿದ್ದವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು 1932ರವರೆಗೆ ಲಾಲ್‌ಬಾಗನ್ನು ನಡೆಸಿದರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಊರಿನ ಬೀದಿಗಳಿಗೆ ಮರ ಆರಿಸುವಾಗ ಅವರು ಇಟ್ಟುಕೊಂಡ ಲೆಕ್ಕ ಸರಳ: ಒಂದು ಜಾತಿ ಹೂ ಮುಗಿಸುವಾಗ ಇನ್ನೊಂದು ಶುರುಮಾಡಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಹೂವಿಲ್ಲದೆ ಇರಬಾರದು. ಅದಕ್ಕೇ ಇಲ್ಲಿ ಶಿವರಾತ್ರಿಯ ಸುಮಾರಿಗೆ ಹಳದಿ ತಬೇಬುಯಾ ಉರಿಯುತ್ತದೆ, ಅದರ ಜೊತೆ ಜೊತೆಗೇ ಗುಲಾಬಿ ತಬೇಬುಯಾ. ಅವು ಉದುರುವಾಗ ಜಕರಂದಾ ನೀಲಿನೇರಳೆ ಹರಡುತ್ತದೆ. ಏಪ್ರಿಲ್ ಹತ್ತಿರವಾದಂತೆ ಗುಲ್‌ಮೊಹರ್ ಕೆಂಪು, ಕಕ್ಕೆಮರದ ಹಳದಿ ಗೊಂಚಲು. ಇವುಗಳಲ್ಲಿ ಬಹುಪಾಲು ಹೊರದೇಶದಿಂದ ಬಂದವು. ಅದನ್ನು ಹೇಳಿ ಮೂಗು ಮುರಿಯುವವರಿದ್ದಾರೆ, ನನಗೆ ಆ ತಕರಾರಿಲ್ಲ. ನನ್ನ ತಕರಾರು ಕೊಡಲಿಯ ಮೇಲೆ. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಈ ಸಾಲುಮರಗಳೇ. ನೂರು ವರ್ಷ ಮುಂದಿನದನ್ನು ಯೋಚಿಸಿ ನೆಟ್ಟದ್ದನ್ನು ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತೇವೆ, ಅದರ ಜಾಗದಲ್ಲಿ ನೆಟ್ಟ ಸಸಿಗೆ ನೀರು ಹಾಕಿದರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಇವೆಲ್ಲದರ ನಡುವೆ ಸದ್ದಿಲ್ಲದೆ ಇರುವುದು ನಮ್ಮದೇ ಹೊಂಗೆ. ಕ್ಯಾಮೆರಾ ಹಿಡಿದವರು ತಬೇಬುಯಾದ ಕಡೆ ಓಡುತ್ತಾರೆ, ಹೊಂಗೆಯ ಮುಂದೆ ಯಾರೂ ನಿಲ್ಲುವುದಿಲ್ಲ. ಅದರ ಹೂವು ಚಿಕ್ಕದು, ಬಿಳಿಗೆ ನಸುನೇರಳೆ ಬೆರೆತದ್ದು, ಎಲೆಗಳ ಸಂದಿಯಲ್ಲಿ ಅಡಗಿರುತ್ತದೆ. ಕೆಳಗೆ ನೋಡಿದಾಗಲೇ ಗೊತ್ತಾಗುವುದು: ಫುಟ್‌ಪಾತಿನ ಮೇಲೆ ಅಕ್ಕಿ ಚೆಲ್ಲಿದಂತೆ ಹೂವು ಉದುರಿರುತ್ತದೆ, ಮೇಲೆ ಜೇನಿನ ಗುಂಯ್‌ಗುಟ್ಟುವಿಕೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸಿದವರು ನಮ್ಮ ಹಿರಿಯರು. ಅದು ಬರೀ ಭಾವನೆಯ ಮಾತಲ್ಲ. ಬಿಸಿಲು ಏರುವ ವಾರಕ್ಕೆ ಸರಿಯಾಗಿ ದಟ್ಟ ಎಲೆ ತುಂಬಿಕೊಂಡು ನಿಲ್ಲುವ ಮರ ಅದು. ಅದರ ಬೀಜದ ಎಣ್ಣೆ ದೀಪಕ್ಕೆ, ಸೊಪ್ಪು ಗದ್ದೆಗೆ, ನೆರಳು ದಾರಿಹೋಕರಿಗೆ.

ಮಂಡಿನೋವಿನ ಅತ್ತೆಯವರಿಗೆ ಲಾಲ್‌ಬಾಗಿನ ಬಂಡೆ ಕಷ್ಟ. ಅವರನ್ನು ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಕರೆತನ್ನಿ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಉದ್ಯಾನ. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಾದರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕೇ ಉಳಿಯಿತು. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನಗಳನ್ನು ಬಿಡುವುದಿಲ್ಲ, ಹಿರಿಯರು ಭಯವಿಲ್ಲದೆ ರಸ್ತೆಯ ನಡುವೆಯೇ ನಡೆಯಬಹುದು. ಉದ್ಯಾನದ ಹೆಸರಿನ ಮೆಟ್ರೋ ನಿಲ್ದಾಣ ಅದರ ಮಗ್ಗುಲಲ್ಲೇ ಇದೆ. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ, ಅಂದರೆ ನಮ್ಮ ಕೇಂದ್ರ ಗ್ರಂಥಾಲಯದ, ಹತ್ತಿರ ಒಂದು ಚಾಪೆ ಹಾಸಿ. ಫ್ಲಾಸ್ಕಿನಲ್ಲಿ ಕಾಫಿ, ಹಬ್ಬದ ಮಿಕ್ಕ ಒಬ್ಬಟ್ಟು ಇರಲಿ. ತಿಂದ ಕಾಗದ, ಎಲೆ ವಾಪಸು ಚೀಲಕ್ಕೇ ಬರಲಿ. ಹತ್ತಿರದ ಬಿದಿರುಮೆಳೆಗಳಲ್ಲಿ ಗಾಳಿ ಬೀಸಿದಾಗ ಗಳಗಳು ಒಂದಕ್ಕೊಂದು ತಾಕಿ ಬಾಗಿಲು ಕಿರ್ರೆಂದ ಹಾಗೆ ಸದ್ದು ಮಾಡುತ್ತವೆ. ನಮ್ಮ ಅಮ್ಮ ಆ ಸದ್ದು ಕೇಳುತ್ತಾ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ.

ಹಬ್ಬದ ಮಾರನೆಯ ದಿನ ಹೊಸತೊಡಕು. ಹಳೇ ಮೈಸೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಊರಿನಿಂದ ಬಂದವರು ಮಾತ್ರ ಬೆಳಿಗ್ಗೆ ಐದಕ್ಕೇ ಮಟನ್ ಅಂಗಡಿಗಳ ಮುಂದೆ ಇಷ್ಟುದ್ದದ ಸಾಲೇಕೆ ಎಂದು ಬೆರಗಾಗುತ್ತಾರೆ. ಯುಗಾದಿಯ ದಿನ ಸಿಹಿ, ಮಾರನೆಯ ದಿನ ಬಾಡೂಟದಿಂದ ಹೊಸ ವರ್ಷಕ್ಕೆ ಆರಂಭ. ಆ ದಿನ ಹೇಗೆ ಕಳೆಯಿತೋ ವರ್ಷವೆಲ್ಲ ಹಾಗೇ ಎಂಬ ನಂಬಿಕೆ. ಮಾಗಡಿ, ಕನಕಪುರ, ರಾಮನಗರದ ಹಳ್ಳಿಗಳಲ್ಲಿ ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ಕೊಯ್ದು, ಬಾಳೆಲೆಯ ಮೇಲೆ ಸಮನಾಗಿ ಪಾಲು ಹಾಕಿಕೊಳ್ಳುತ್ತಾರೆ. ಅದಕ್ಕೆ ಗುಡ್ಡೆಮಾಂಸ ಎನ್ನುತ್ತಾರೆ. ಹಬ್ಬದ ಬೆಳಿಗ್ಗೆ ಅದೇ ಹಳ್ಳಿಗಳಲ್ಲಿ ಎತ್ತುಗಳಿಗೆ ಮೈತೊಳೆದು, ಅಲಂಕರಿಸಿ, ಹೊಸ ವರ್ಷದ ಮೊದಲ ಉಳುಮೆಯಾಗಿ ಹೊನ್ನಾರು ಹೂಡುವುದುಂಟು. ಟ್ರ್ಯಾಕ್ಟರ್ ಬಂದ ಮೇಲೂ ಕೆಲವರು ಬಿಟ್ಟಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನವರು “ನಮ್ಮೂರಿಗೆ ಬನ್ನಿ” ಎಂದು ಬಾಯ್ಮಾತಿಗೆ ಕರೆದಿದ್ದರೂ ಈ ಹಬ್ಬಕ್ಕೆ ಹೋಗಿಬಿಡಿ. ಯಾವ ರೆಸಾರ್ಟಿನ ದುಡ್ಡೂ ತಂದುಕೊಡದ ಎರಡು ದಿನ ಅಲ್ಲಿ ಸಿಗುತ್ತದೆ. ಪಿ.ಜಿ.ಯ ಹುಡುಗನಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ಕೇಳಲು ನಾಚಿಕೆಪಡಬೇಡ.

ಇಷ್ಟಾದರೂ ಊರು ಬಿಟ್ಟು ಹೊರಗೆ ಹೋಗಲೇಬೇಕು ಎನ್ನುವವರಿಗೆ, ಮುಖ್ಯವಾಗಿ ಯಲಹಂಕದ ಮನೆಗೆ, ನನ್ನ ಆಯ್ಕೆ ನಲ್ಲೂರು. ದೇವನಹಳ್ಳಿಯ ಹತ್ತಿರದ ಹುಣಸೆತೋಪು. ಸುಮಾರು 54 ಎಕರೆಯಲ್ಲಿ ಮುನ್ನೂರರಷ್ಟು ಹುಣಸೆಮರಗಳು. ಎಷ್ಟೋ ಮರಗಳ ವಯಸ್ಸನ್ನು ಊರಿನವರು ಚೋಳರ ಕಾಲದಿಂದ ಎಣಿಸುತ್ತಾರೆ. 2007ರಲ್ಲಿ ದೇಶದಲ್ಲೇ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದು ಇದನ್ನೇ. ವಿಮಾನ ನಿಲ್ದಾಣಕ್ಕೆ ಹೋಗುವ ಲಕ್ಷಾಂತರ ಜನ ಇದರ ಹತ್ತಿರದಲ್ಲೇ ಹಾದುಹೋಗುತ್ತಾರೆ, ನಿಲ್ಲುವವರು ಬಹಳ ಕಡಿಮೆ. ಅಲ್ಲಿನ ಮರಗಳು ನೇರವಾಗಿ ನಿಂತಿಲ್ಲ. ನಡುವಿನ ತಿರುಳು ಹೋಗಿ ಟೊಳ್ಳಾದವು, ಮಲಗಿಕೊಂಡು ಮತ್ತೆ ಎದ್ದವು, ಹಗ್ಗ ಹೊಸೆದಂತೆ ತಿರುಚಿದವು, ಕಾಂಡ ಸೀಳಿ ಎರಡು ಮರವಾಗಿ ಮುಂದುವರಿದವು. ನಾನು ಮೊದಲ ಸಲ ಹೋದಾಗ ಒಂದು ಟೊಳ್ಳಿನೊಳಗೆ ನನ್ನ ಮಗ ನಿಂತುಕೊಂಡ. ಅವನ ತಲೆಯ ಮೇಲೆ, ಬರೀ ತೊಗಟೆಯ ದಪ್ಪದಷ್ಟೇ ಉಳಿದ ಕಾಂಡದಿಂದ ಎದ್ದ ಕೊಂಬೆ ತುಂಬಾ ಎಳೆ ಚಿಗುರು.

ಚೈತ್ರದಲ್ಲಿ ಹೋದರೆ ಇನ್ನೊಂದು ಲಾಭ. ಹುಣಸೆಹಣ್ಣಿನ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಸುತ್ತಲಿನ ಹಳ್ಳಿಗಳಲ್ಲಿ ಜಗುಲಿಯ ಮೇಲೆ ಹಣ್ಣು ಹರಡಿ, ಸಿಪ್ಪೆ ಬಿಡಿಸಿ, ಕುಟ್ಟಿ ಬೀಜ ತೆಗೆಯುವ ಕೆಲಸ ನಡೆದಿರುತ್ತದೆ. ವರ್ಷಕ್ಕಾಗುವಷ್ಟು ಹೊಸ ಹುಣಸೆ ಅವರಿಂದಲೇ ಕೊಂಡು, ಉಪ್ಪು ಬೆರೆಸಿ ಜಾಡಿಗೆ ತುಂಬಿ. ತೋಪಿನೊಳಗಿನ ಮರಕ್ಕೆ ಮಾತ್ರ ಕಲ್ಲು ಬೀಸಬೇಡಿ, ತೊಗಟೆಯ ಮೇಲೆ ಹೆಸರು ಕೆತ್ತಬೇಡಿ. ಎಷ್ಟೋ ತಲೆಮಾರು ಉಳಿದುಬಂದ ಜೀವದ ಮೈಮೇಲೆ ಚಾಕು ಆಡಿಸುವ ಮನಸ್ಸು ಹೇಗೆ ಬರುತ್ತದೋ! ಅಲ್ಲಿ ಅಂಗಡಿ, ಹೋಟೆಲು ಎಂದು ನೆಚ್ಚಿಕೊಳ್ಳದೆ ನೀರು, ಬುತ್ತಿ ಜೊತೆಯಲ್ಲೇ ಇರಲಿ.

ಎಂಟರೊಳಗೆ ನಲ್ಲೂರು ಮುಗಿಸಿದರೆ ಒಂಬತ್ತರ ಹೊತ್ತಿಗೆ ನಂದಿ ಗ್ರಾಮ. ಬೆಟ್ಟದ ಮೇಲಿನ ನಂದಿಯಲ್ಲ, ಬುಡದಲ್ಲಿರುವ ಭೋಗನಂದೀಶ್ವರನ ಗುಡಿ. ಎಲ್ಲರೂ ಮೇಲಕ್ಕೆ ಓಡುವುದರಿಂದ ಇಲ್ಲಿ ಗಲಾಟೆ ಕಡಿಮೆ. ಒಂಬತ್ತನೆಯ ಶತಮಾನದ ಸುಮಾರಿನ ಗುಡಿ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಒಂದೇ ಪ್ರಾಕಾರದಲ್ಲಿದ್ದಾರೆ. ಅರುಣಾಚಲ ಶಿವನ ಬಾಲ್ಯ, ಭೋಗನಂದಿ ಯೌವನ, ಬೆಟ್ಟದ ಮೇಲಿನ ಯೋಗನಂದಿ ವೈರಾಗ್ಯ ಎಂದು ಅಲ್ಲಿನವರು ಹೇಳುತ್ತಾರೆ. ಯೋಗನಂದಿಗೆ ಹಬ್ಬವಿಲ್ಲ, ಸಡಗರವೆಲ್ಲ ಕೆಳಗಿನವನಿಗೆ. ಕಲ್ಯಾಣಮಂಟಪದ ಕರಿಗಲ್ಲಿನ ಕಂಬಗಳ ಮೇಲಿನ ಬಳ್ಳಿಗಳಲ್ಲಿ ಗಿಣಿ ಎಷ್ಟಿವೆ ಎಂದು ಎಣಿಸಲು ಮಕ್ಕಳಿಗೆ ಬಿಡಿ. ದೊಡ್ಡವರು ಶೃಂಗಿ ತೀರ್ಥದ ಸುತ್ತಲಿನ ಮಂಟಪದಲ್ಲಿ, ಕಲ್ಲಿನ ನೆರಳಲ್ಲಿ, ನೀರಿನ ಎದುರು ಕೂರಲಿ. ಹನ್ನೊಂದಕ್ಕೆ ಹೊರಟರೆ ಊಟಕ್ಕೆ ಮನೆ. ಮಂಡಿನೋವಿಗೂ ಇದು ಒಗ್ಗುತ್ತದೆ, ಯಜಮಾನರ ಒಂದೇ ದಿನದ ಬಿಡುವಿಗೂ.

ಮೈಸೂರು ರಸ್ತೆಯ ಕಡೆಯವರಿಗೆ ಕೇತೋಹಳ್ಳಿಯ ದೊಡ್ಡ ಆಲದಮರ ಹತ್ತಿರ. ಸುಮಾರು ನಾಲ್ಕು ನೂರು ವರ್ಷದ, ಮೂರು ಎಕರೆಯಷ್ಟು ಹಬ್ಬಿದ ಆ ಮರದ ತಾಯಿಬೇರು ಕೊಳೆತು ಹೋಗಿ ವರ್ಷಗಳೇ ಆದವು. ಈಗ ಬಿಳಲುಗಳೇ ಮರ. ಕೋತಿಗಳಿವೆ, ಅಲ್ಲಿ ಬುತ್ತಿ ಬಿಚ್ಚಬೇಡಿ.

ಹಬ್ಬದ ಮಾರನೆಯ ದಿನದ ಇನ್ನೊಂದು ಕೆಲಸ ಮರೆತೀರಿ. ಸೂರ್ಯ ಮುಳುಗಿದ ಮೇಲೆ ತಾರಸಿ ಹತ್ತಿ ಪಶ್ಚಿಮಕ್ಕೆ ನೋಡಿ. ಬಿದಿಗೆಯ ಚಂದ್ರ ಉಗುರು ಕತ್ತರಿಸಿದಷ್ಟು ತೆಳ್ಳಗೆ ಕಾಣುತ್ತಾನೆ, ಅರ್ಧಮುಕ್ಕಾಲು ಗಂಟೆಯಲ್ಲಿ ಮುಳುಗುತ್ತಾನೆ. ನಮ್ಮ ಅಜ್ಜಿ ಅವನ ಯಾವ ಕೊಂಬು ಮೇಲಿದೆ ಎಂದು ನೋಡಿ ಆ ವರ್ಷದ ಮಳೆಯ ಮಾತಾಡುತ್ತಿದ್ದಳು. ಚಂದ್ರನನ್ನು ಕಂಡವರೆಲ್ಲ ಹಿರಿಯರ ಕಾಲಿಗೆ ಬೀಳಬೇಕು, ಅವರು ಕೈಗೆ ಒಂದು ನಾಣ್ಯ ಇಡಬೇಕು. ಅಪಾರ್ಟ್‌ಮೆಂಟಿನ ತಾರಸಿಯ ಬೀಗದ ಕೈಯನ್ನು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಈ ವಾರ ಬಿಡುವೇ ಸಿಗದ ನರ್ಸುಗಳು, ಡ್ರೈವರುಗಳು, ಕಾವಲುಗಾರರು ನನ್ನ ಓದುಗರಲ್ಲಿದ್ದಾರೆ. ಅವರಿಗೆ ಹೇಳುತ್ತೇನೆ, ಚೈತ್ರ ಒಂದು ವಾರಾಂತ್ಯಕ್ಕೆ ಮುಗಿಯುವುದಿಲ್ಲ. ಒಂಬತ್ತನೆಯ ದಿನ ರಾಮನವಮಿ. ಬೀದಿಬೀದಿಯ ಪೆಂಡಾಲಿನಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬೆಲ್ಲ, ಏಲಕ್ಕಿ, ಶುಂಠಿ ಬಿದ್ದ ಪಾನಕಕ್ಕಿಂತ ಬಿಸಿಲಿಗೆ ಹಿತವಾದದ್ದು ಯಾವುದಿದೆ? ಸಂಜೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ಸಂಗೀತ. 1939ರಲ್ಲಿ ಶುರುವಾದದ್ದು, ದೇಶದ ದೊಡ್ಡ ದೊಡ್ಡ ಗಾಯಕರೆಲ್ಲ ಅಲ್ಲಿ ಹಾಡಿದ್ದಾರೆ.

ಅದೂ ತಪ್ಪಿದರೆ ಹುಣ್ಣಿಮೆಗೆ ಕರಗ. ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ನಡುರಾತ್ರಿ ಕಳೆದ ಮೇಲೆ ಹೊರಡುತ್ತದೆ. ತಿಗಳರು ತಲೆಮಾರುಗಳಿಂದ ತೋಟಗಾರರು. ಈ ಊರಿಗೆ ಹೂವು, ಸೊಪ್ಪು, ತರಕಾರಿ ಬೆಳೆದುಕೊಟ್ಟವರು. ಹಸಿಕರಗದ ಪೂಜೆ ಇಂದಿಗೂ ನಡೆಯುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆಯ ಬಹುಭಾಗ ಈಗ ಕಂಠೀರವ ಕ್ರೀಡಾಂಗಣ, ಉಳಿದಿರುವುದು ಒಂದು ಪುಟ್ಟ ಕೊಳ, ಕಬ್ಬನ್ ಪಾರ್ಕಿನಿಂದ ಕೂಗಳತೆಯಲ್ಲಿ. ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗವನ್ನು ತಲೆಯ ಮೇಲೆ ಹೊತ್ತು, ಸೀರೆಯುಟ್ಟ ಪೂಜಾರಿ ಬರುವಾಗ, ಕತ್ತಿ ಹಿರಿದ ವೀರಕುಮಾರರು ಸುತ್ತ ಓಡುತ್ತಾರೆ. ಮೆರವಣಿಗೆ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಚಿಕ್ಕ ಮಕ್ಕಳನ್ನು ಆ ನೂಕಿನಲ್ಲಿ ತರಬೇಡಿ, ಓಣಿಯ ಯಾವುದಾದರೂ ಮನೆಯ ಜಗುಲಿಯ ಮೇಲೆ ಜಾಗ ಕೇಳಿ ನಿಲ್ಲಿ. ಪೇಟೆಯ ಜನ ಇಲ್ಲವೆನ್ನುವುದಿಲ್ಲ.

ಹೋದ ಸಲ ಹಾಗೆ ನಿಂತು ನೋಡಿ, ಬೆಳಗಿನ ಮೊದಲ ಮೆಟ್ರೋಗೆ ಚಿಕ್ಕಪೇಟೆಯ ನಿಲ್ದಾಣಕ್ಕೆ ಇಳಿದೆವು. ಬೋಗಿಯ ತುಂಬ ನಿದ್ದೆಗೆಟ್ಟ ಮುಖಗಳು. ಕರಗಕ್ಕೆ ಎರಚಿದ ಮಲ್ಲಿಗೆ ಎಲ್ಲರ ಕೂದಲಲ್ಲಿ, ಹೆಗಲ ಮೇಲೆ ಸಿಕ್ಕಿಕೊಂಡಿತ್ತು. ಮಗಳು ನನ್ನ ಕಾಲರಿನಿಂದ ಒಂದೊಂದೇ ಹೂವು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ನಮ್ಮ ನಿಲ್ದಾಣ ಬಂದು ಎದ್ದಾಗ, ಸೀಟಿನ ಮೇಲೆ ಇನ್ನೂ ನಾಲ್ಕು ಉಳಿದಿದ್ದವು.